ಹಿಂಜವಾಡಿ ಪೀಠ: ಡೆಸ್ಕ್‌ಟಾಪ್ ಕೈಪಿಡಿಗಳ ಪಾಠಪರಿಷ್ಕರಣಕ್ಕೊಂದು ಪ್ರಸ್ತಾವನೆ

ಗ್ರಂಥ ಸಂಪಾದನಾ ಶಾಸ್ತ್ರಕ್ಕೆ ಪುಣೆಯಲ್ಲಿ ಎರಡು ಪೀಠಗಳಿವೆ ಎಂಬ ಸಂಗತಿ ಇದುವರೆಗೆ ವಿದ್ವಾಂಸರ ಗಮನಕ್ಕೆ ಬಂದಿಲ್ಲ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ. ಅದು 1917ರಲ್ಲಿ ಹುಟ್ಟಿ, 1919ರಲ್ಲಿ ಮಹಾಭಾರತದ ಪರಿಷ್ಕರಣಕ್ಕೆ ಕೈಹಾಕಿ, 1259 ಹಸ್ತಪ್ರತಿಗಳನ್ನು ತಾಳೆ ನೋಡಿ, 1966ರಲ್ಲಿ ಕೆಲಸ ಮುಗಿಸಿತು. ಎರಡನೆಯದು ಹಿಂಜವಾಡಿಯಲ್ಲಿದೆ. ಅದಕ್ಕೆ ಕಟ್ಟಡವಿಲ್ಲ, ಅಧ್ಯಕ್ಷರಿಲ್ಲ, ಅನುದಾನವಂತೂ ಇಲ್ಲವೇ ಇಲ್ಲ. ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕಿನಲ್ಲಿ ಹಗಲೆಲ್ಲ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುವ ಕೆಲವರು, ರಾತ್ರಿ ಪಿಜಿಯ ಮಂಚದ ಮೇಲೆ ಕೂತು ಲಿನಕ್ಸ್ ಡೆಸ್ಕ್‌ಟಾಪಿನ ಬಳಕೆದಾರ ಕೈಪಿಡಿಯಲ್ಲಿ ಪುಕ್ಕಟೆಯಾಗಿ ತಪ್ಪು ಹುಡುಕುತ್ತಾರೆ. ಅವರಲ್ಲಿ ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯವರೂ ಇದ್ದಾರೆ. ಕೊರಳಲ್ಲಿ ರುದ್ರಾಕ್ಷಿಯ ಬದಲು ಐಡಿ ಕಾರ್ಡ್ ಇರುವುದರಿಂದ ಇವರನ್ನು ಯಾರೂ ಪಂಡಿತರೆಂದು ಗುರುತಿಸಿಲ್ಲ. ಊರಿನ ಹೆಸರನ್ನೇ ಇಂಗ್ಲಿಷ್ ಫಲಕಗಳು ಒಂದು ಕಡೆ ಹಿಂಜವಾಡಿ, ಇನ್ನೊಂದು ಕಡೆ ಹಿಂಜೆವಾಡಿ ಎಂದು ಬರೆಯುತ್ತವೆ. ಪಾಠಾಂತರದ ಅಭ್ಯಾಸಕ್ಕೆ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ಸಿಗಲಾರದು.

ಮೊದಲು ಗ್ರಂಥದ ಪ್ರಾಚೀನತೆಯ ವಿಚಾರ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1971ರಲ್ಲಿ ಲಿನಕ್ಸಿಗೆ ಮಾದರಿಯಾದ ಯುನಿಕ್ಸಿನ ಕೈಪಿಡಿಯನ್ನು ಹೊರತಂದಾಗ, ಆದೇಶಗಳ ವಿವರಣೆಯ ಕೊನೆಗೆ ‘ಬಗ್ಸ್’ ಎಂಬ ತಲೆಬರಹ ಹಾಕಿ, ಎಲ್ಲೆಲ್ಲಿ ಎಡವಟ್ಟಿದೆ ಎಂದು ತಾವೇ ಬರೆದಿಟ್ಟರು. ನಮ್ಮ ಕವಿಗಳು ಪೀಠಿಕೆಯಲ್ಲಿ ‘ತಪ್ಪಿದ್ದರೆ ಬಲ್ಲವರು ತಿದ್ದಿ’ ಎಂದು ವಿನಯ ತೋರಿಸಿದರೇ ಹೊರತು, ಯಾವ ಪದ್ಯದಲ್ಲಿ ಯಾವ ತಪ್ಪು ಎಂದು ಹೇಳುವ ಧೈರ್ಯ ಮಾಡಲಿಲ್ಲ. ಲಿಪಿಕಾರರು ಇನ್ನೂ ಜಾಣರು. ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ದೋಷವಿದ್ದರೆ ಹೊಣೆ ನನ್ನದಲ್ಲ ಎಂದು ಓಲೆಗರಿಯ ಕೊನೆಗೆ ಗೀಚಿ ಕೈತೊಳೆದುಕೊಂಡರು. ಸ್ವತಂತ್ರ ತಂತ್ರಾಂಶದ 1989ರ ಜಿಪಿಎಲ್ ಪರವಾನಗಿಯ ಕೊನೆಯಲ್ಲಿ, ಈ ತಂತ್ರಾಂಶಕ್ಕೆ ಯಾವ ಖಾತರಿಯೂ ಇಲ್ಲ ಎಂದು ಬರುವ ಘೋಷಣೆ ಇದೇ ಪರಂಪರೆಗೆ ಸೇರಿದ್ದು. ಅದು ಓಲೆಗರಿಯಿಂದಲೇ ಹೋಯಿತೆಂದು ಪ್ರಸ್ತುತ ಲೇಖಕನ ದೃಢವಾದ ಮತ. ಆಧಾರ ಕೇಳುವವರು ಸಂಶೋಧನೆಯ ಉತ್ಸಾಹಕ್ಕೆ ತಣ್ಣೀರೆರಚಬಾರದು.

ಇನ್ನು ವಾಚನೆಗಳು, ಅಂದರೆ ಒಂದೇ ಗ್ರಂಥದ ಬೇರೆ ಬೇರೆ ಪಾಠಪರಂಪರೆಗಳು. ವಿ.ಎಸ್. ಸುಖಠಣಕರ್ 1925ರಲ್ಲಿ ಮಹಾಭಾರತದ ಸಂಪಾದಕತ್ವ ವಹಿಸಿಕೊಂಡು, ಪ್ರತಿಗಳನ್ನು ಉತ್ತರದ ವಾಚನೆ, ದಕ್ಷಿಣದ ವಾಚನೆ ಎಂದು ವಿಂಗಡಿಸಿದರು. ನಮ್ಮ ಗ್ರಂಥಕ್ಕೂ ವಾಚನೆಗಳಿವೆ. ಗ್ನೋಮ್ ಎಂಬ ಒಂದೇ ಡೆಸ್ಕ್‌ಟಾಪನ್ನು ಫೆಡೋರಾ ಶಾಖೆ ಮೂಲರೂಪದಲ್ಲೇ ಉಳಿಸಿಕೊಂಡರೆ, ಉಬುಂಟು ಶಾಖೆ ಎಡಕ್ಕೊಂದು ಪಟ್ಟಿಯನ್ನು ಪ್ರಕ್ಷೇಪಿಸಿದೆ. ಕೆಡಿಇ ಎಂಬುದು 1996ರಿಂದ ಬೇರೆಯೇ ಮತ. ಮೂಲದ ಕೈಪಿಡಿ ‘ಪಟ್ಟಿ ಕಾಣಬೇಕಾದರೆ ಆಕ್ಟಿವಿಟೀಸ್ ತೆರೆಯಿರಿ’ ಎನ್ನುತ್ತದೆ. ಪಟ್ಟಿ ಆಗಲೇ ಕಣ್ಣೆದುರು ನಿಂತಿರುವ ಉಬುಂಟು ಭಕ್ತ, ತಾನು ಯಾವ ಪಾಪ ಮಾಡಿದೆನೋ ಎಂದು ಗಾಬರಿಯಾಗುತ್ತಾನೆ.

ಆದರೆ ಭಂಡಾರ್ಕರ್ ಪಂಡಿತರಿಗಿದ್ದ ಒಂದು ಸೌಕರ್ಯ ಹಿಂಜವಾಡಿಗಿಲ್ಲ. ವ್ಯಾಸರು ಆರು ತಿಂಗಳಿಗೊಮ್ಮೆ ಹೊಸ ಭಾರತ ಬಿಡುಗಡೆ ಮಾಡಲಿಲ್ಲ. ಗ್ನೋಮ್ ಮಾರ್ಚಿಗೊಂದು, ಸೆಪ್ಟೆಂಬರಿಗೊಂದು ಆವೃತ್ತಿ ತರುತ್ತದೆ. ಕೈಪಿಡಿ ಮೂಲವನ್ನು ಹಿಡಿಯುವಷ್ಟರಲ್ಲಿ ಮೂಲವೇ ಓಡಿಹೋಗಿರುತ್ತದೆ. 2011ರ ಮೂರನೆಯ ಆವೃತ್ತಿಯಲ್ಲಿ ಮೇಲಿನ ಪಟ್ಟಿಯ ಅಪ್ಲಿಕೇಶನ್ಸ್, ಪ್ಲೇಸಸ್, ಸಿಸ್ಟಮ್ ಎಂಬ ಮೂರು ಮೆನುಗಳೂ ಮಾಯವಾದವು. 2022ರ ಮಾರ್ಚಿನಲ್ಲಿ ಜಿಎಡಿಟ್ ತನ್ನ ಸ್ಥಾನವನ್ನು ಇನ್ನೊಂದು ಪಠ್ಯ ಸಂಪಾದಕಕ್ಕೆ ಬಿಟ್ಟುಕೊಟ್ಟಿತು. ಹಳೆಯ ಕೈಪಿಡಿಗಳು ಮಾತ್ರ ಇವತ್ತಿಗೂ ಅವುಗಳ ಹೆಸರು ಹೇಳುತ್ತಿವೆ. ಗುಣವರ್ಮನ ‘ಶೂದ್ರಕ’ ಕಾವ್ಯ ಹೇಗೆ ಬೇರೆಯವರ ಉಲ್ಲೇಖದಲ್ಲಷ್ಟೇ ಬದುಕಿದೆಯೋ ಹಾಗೆ ಸಿಸ್ಟಮ್ ಮೆನುವೂ ಬದುಕಿದೆ. ಇದನ್ನು ‘ನಷ್ಟಮೆನು’ ಎಂದು ಕರೆಯತಕ್ಕದ್ದು.

ನಷ್ಟಮೆನುವಿನ ಬಗ್ಗೆ ಕ್ಷೇತ್ರಕಾರ್ಯವೂ ನಡೆದಿದೆ. ಹಿಂಜವಾಡಿಯ ಟೆಸ್ಟರ್ ಒಬ್ಬ ಧಾರವಾಡದ ಸೋದರತ್ತೆಗೆ ಫೋನಿನಲ್ಲಿ ಕೈಪಿಡಿ ಓದಿ ಹೇಳುತ್ತಿದ್ದ.

‘ಅತ್ತಿ, ಮ್ಯಾಲ ಸಿಸ್ಟಮ್ ಅಂತ ಬರದೈತಿ ನೋಡ್ರಿ, ಅದನ್ನ ಒತ್ರಿ.’

‘ಇಲ್ಲಪಾ, ಇಲ್ಲಿ ಬರೇ ತಾಸು ತೋರಸಾಕತ್ತೈತಿ.’

‘ಪುಸ್ತಕದಾಗ ಐತ್ರಿ ಅತ್ತಿ.’

‘ಪುಸ್ತಕದಾಗ ಇದ್ರ ಪುಸ್ತಕದಾಗ ಒತ್ತು.’

ಪಾಠವಿಮರ್ಶೆಯ ಇತಿಹಾಸದಲ್ಲಿ ಇಷ್ಟು ಸಂಕ್ಷಿಪ್ತವಾದ ಖಂಡನೆ ಇನ್ನೊಂದಿಲ್ಲ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿ ಬೆಳೆದವರಿಗೆ ಕ್ಲಿಷ್ಟಪಾಠವೇ ಗ್ರಾಹ್ಯವೆಂಬ ನಿಯಮ ಹೊಸದಲ್ಲ. ಲಿಪಿಕಾರ ಕಷ್ಟದ್ದನ್ನು ಸುಲಭ ಮಾಡುತ್ತಾನೆಯೇ ವಿನಾ ಸುಲಭದ್ದನ್ನು ಕಷ್ಟ ಮಾಡುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಈ ನಿಯಮ ಬೆರಗಾಗುವಷ್ಟು ನಿಜ. ಮೌಸ್ ಹಿಡಿದು ನಾಲ್ಕು ಕಡೆ ಒತ್ತಿಸುವ ಸುಲಭಪಾಠ ಮುಂದಿನ ಆವೃತ್ತಿಗೆ ಸುಳ್ಳಾಗುತ್ತದೆ. ಟರ್ಮಿನಲ್ ತೆರೆದು ಟೈಪ್ ಮಾಡಿಸುವ ಕ್ಲಿಷ್ಟಪಾಠ ನಿಲ್ಲುತ್ತದೆ. ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ 1971ರಲ್ಲೂ ಎಲ್‌ಎಸ್, ಈಗಲೂ ಎಲ್‌ಎಸ್. ಲಿನಕ್ಸ್ ಬಲ್ಲವರನ್ನು ಏನೇ ಕೇಳಿದರೂ ಟರ್ಮಿನಲ್ ತೆರೆಯಿರಿ ಎನ್ನುವುದು ಕೊಬ್ಬಿನಿಂದಲ್ಲ, ಶಾಸ್ತ್ರನಿಷ್ಠೆಯಿಂದ.

ಎಲ್ಲಕ್ಕಿಂತ ದಾರುಣವಾದದ್ದು ಕನ್ನಡ ಪಾಠದ ಗತಿ. ಅನುವಾದಗಳು ಪಿಓ ಎಂಬ ಕಡತದಲ್ಲಿರುತ್ತವೆ. ಮೇಲೆ ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಕನ್ನಡ. ಒಂದು ರಾತ್ರಿ ಹಿಂಜವಾಡಿಯ ಪಂಡಿತ ಮೂಲದ ಇಂಗ್ಲಿಷಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದದ್ದನ್ನು ಕಂಡು, ಹಾಕಿ, ತೃಪ್ತಿಯಿಂದ ಮಲಗುತ್ತಾನೆ. ಮೇಲಿನ ಸಾಲು ಬದಲಾದದ್ದನ್ನು ಕಂಡ ಗೆಟ್‌ಟೆಕ್ಸ್ಟ್ ಎಂಬ ಉಪಕರಣ, ಕೆಳಗಿನ ಕನ್ನಡದ ಮೇಲೆ ಅನುಮಾನಪಟ್ಟು ‘ಫಜ್ಜಿ’ ಎಂಬ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದ ವಾಕ್ಯ ಓದುಗನಿಗೆ ಕಾಣುವುದಿಲ್ಲ, ಅದರ ಜಾಗದಲ್ಲಿ ಇಂಗ್ಲಿಷ್ ಬಂದು ಕೂರುತ್ತದೆ. ಕನ್ನಡದಲ್ಲಿ ತಪ್ಪೇನೂ ಇರಲಿಲ್ಲ, ಅಲ್ಪವಿರಾಮವೂ ಅಲ್ಲಿ ಬೇಕಿರಲಿಲ್ಲ. ಯಾರಾದರೂ ಕನ್ನಡಿಗ ಬಂದು, ನೋಡಿ, ಮುದ್ರೆ ಒರೆಸುವವರೆಗೂ ಆ ವಾಕ್ಯಕ್ಕೆ ಅಜ್ಞಾತವಾಸ. ಪಾಂಡವರದ್ದಾದರೆ ಒಂದು ವರ್ಷಕ್ಕೆ ಮುಗಿಯಿತು. ಇಲ್ಲಿ ಮುದ್ರೆ ಒರೆಸಬೇಕಾದವನಿಗೆ ಆಫೀಸಿನಲ್ಲಿ ರಿಲೀಸ್ ಇರುತ್ತದೆ, ಆಮೇಲೆ ಮದುವೆಯಾಗುತ್ತದೆ, ಆಮೇಲೆ ಅವನು ಮ್ಯಾನೇಜರ್ ಆಗುತ್ತಾನೆ. ಮೂಲವನ್ನು ಶುದ್ಧಗೊಳಿಸಿದಷ್ಟೂ ಅನುವಾದ ನಾಶವಾಗುವ ಈ ವಿದ್ಯಮಾನ ಭಂಡಾರ್ಕರ್ ಪಂಡಿತರನ್ನು ಕಾಡಲಿಲ್ಲ. ಅವರೊಂದು ಶ್ಲೋಕವನ್ನು ಪ್ರಕ್ಷಿಪ್ತವೆಂದು ತೆಗೆದರೆ ಗದುಗಿನ ಭಾರತದ ಷಟ್ಪದಿಯೊಂದು ಅಳಿಸಿಹೋಗುತ್ತಿರಲಿಲ್ಲ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಕೈಪಿಡಿಯನ್ನು ಓದುವವರೇ ಇಲ್ಲದಿರುವಾಗ ತಿದ್ದುವುದೇಕೆ? ಸಿದ್ಧಾಂತ: ತಿದ್ದುವವರು ಓದುತ್ತಾರಲ್ಲ. ವಿದ್ವತ್ ಪ್ರಪಂಚ ನಿಂತಿರುವುದೇ ಈ ಆಧಾರದ ಮೇಲೆ.

ತಿದ್ದಿದವರಿಗೆ ದಕ್ಷಿಣೆಯ ವಿಚಾರ ಬೇಗ ಮುಗಿಯುತ್ತದೆ. ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ತನ್ನ ಪುಸ್ತಕದಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ ಕಳಿಸುತ್ತಿದ್ದ. ಹಲವರು ಅದನ್ನು ನಗದು ಮಾಡದೆ ಗೋಡೆಗೆ ತೂಗುಹಾಕಿದರು. ಹಿಂಜವಾಡಿ ಪೀಠದವರಿಗೆ ಚೆಕ್ಕಿಲ್ಲ. ಒಂದು ಅಕ್ಷರ ಅಳಿಸಲು ಅವರು ಖಾತೆ ತೆರೆಯಬೇಕು, ಗಿಟ್ ಕಲಿಯಬೇಕು, ಶಾಖೆ ಸೀಳಬೇಕು, ಮರ್ಜ್ ರಿಕ್ವೆಸ್ಟ್ ಸಲ್ಲಿಸಬೇಕು, ಜಗತ್ತಿನ ಇನ್ನಾವುದೋ ಮೂಲೆಯಲ್ಲಿ ಪರಿಶೀಲಕ ಎದ್ದು ಕಾಫಿ ಕುಡಿಯುವವರೆಗೆ ಕಾಯಬೇಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಹೂಡುವುದಕ್ಕೂ ಇಷ್ಟು ವಿಧಿಗಳಿಲ್ಲ.

ಈ ಸಂಶೋಧನೆಯ ತೀರ್ಪು ಇಷ್ಟು: ಕೈಪಿಡಿಯ ತಪ್ಪುಗಳಲ್ಲಿ ಬಹುಪಾಲು ಬರೆದ ದಿನ ತಪ್ಪಾಗಿರಲಿಲ್ಲ. ಹಾಗಾಗಿ ಓದುಗರಲ್ಲಿ ವಿನಂತಿ. ನಿಮ್ಮ ಕಂಪ್ಯೂಟರಿಗೂ ಕೈಪಿಡಿಗೂ ತಾಳೆಯಾಗದ ಜಾಗ ಕಂಡರೆ ಬೈದು ಸುಮ್ಮನಾಗದೆ ಬರೆದು ಕಳಿಸಿ. ಕಳಿಸುವಾಗ ಯಾವ ಡೆಸ್ಕ್‌ಟಾಪು, ಯಾವ ಆವೃತ್ತಿ ಎಂಬುದನ್ನು ಮೊದಲ ಸಾಲಿನಲ್ಲೇ ನಮೂದಿಸಿ. ಆವೃತ್ತಿಯ ಸಂಖ್ಯೆಯಿಲ್ಲದೆ ಬಂದ ತಿದ್ದುಪಡಿಯನ್ನು ಪೀಠ ಸ್ವೀಕರಿಸುವುದಿಲ್ಲ.