ಪರೋಪಕಾರಾರ್ಥಂ ಇದಂ ಓಟಂ

ದಾನಕ್ಕಾಗಿ ಓಡುವವನು ಬರೀ ಓಡುವವನಿಂದ ಬೇರೆ. ಬರೀ ಓಡುವವನಿಗೆ ಬೂಟು, ರಸ್ತೆ, ಮಾತು ಕೇಳುವ ಎರಡು ಮೊಣಕಾಲು ಇದ್ದರೆ ಸಾಕು. ದಾನದ ಓಟಗಾರನಿಗೆ ಇವುಗಳ ಜೊತೆ ಒಂದು ಸದುದ್ದೇಶ, ಅದನ್ನು ದೊಡ್ಡ ಅಕ್ಷರದಲ್ಲಿ ಹೊತ್ತ ಟೀಶರ್ಟು, ಬೈಕಿನಲ್ಲಿ ನೀರಿನ ಬಾಟಲಿ ಹಿಡಿದು ಹಿಂಬಾಲಿಸುವ ಭಾವಮೈದುನ ಮತ್ತು ಪರಿಚಯದವರೆಲ್ಲರ ಫೋನ್ ನಂಬರು ಬೇಕು. ಓಡುವವನು ಒಬ್ಬನೇ, ದಣಿಯುವವರು ಬಹಳ ಮಂದಿ.

ಈ ಕುಲದವರು ಕೈಮುಗಿಯುವುದು ಕೆನಡಾದ ಟೆರ್ರಿ ಫಾಕ್ಸ್‌ಗೆ. ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಈ ಹುಡುಗ, ಸಂಶೋಧನೆಗೆ ದೇಶದ ತಲೆಗೊಂದು ಡಾಲರು ಕೂಡಿಸುತ್ತೇನೆಂದು 1980ರ ಏಪ್ರಿಲ್ 12ರಂದು ಕೃತಕ ಕಾಲು ಕಟ್ಟಿಕೊಂಡು ಪೂರ್ವ ಕಡಲತೀರದಿಂದ ಹೊರಟ. 143 ದಿನಗಳಲ್ಲಿ 5,373 ಕಿ.ಮೀ. ಓಡಿದ, ರೋಗ ಶ್ವಾಸಕೋಶಕ್ಕೆ ಹಬ್ಬಿದ್ದರಿಂದ ನಿಲ್ಲಬೇಕಾಯಿತು. ಮರುವರ್ಷ ತೀರಿಕೊಂಡಾಗ ವಯಸ್ಸು 22. ಅಷ್ಟರಲ್ಲಿ ಎರಡು ಕೋಟಿ ನಲವತ್ತು ಲಕ್ಷ ಡಾಲರು ಕೂಡಿತ್ತು, ಅಂದರೆ ಆಗಿನ ಕೆನಡಾದ ತಲೆಗೊಂದು. ಆಮೇಲೆ ಬಂದವರಲ್ಲಿ ಬ್ರಿಟನ್ನಿನ ಹಾಸ್ಯನಟ ಎಡ್ಡಿ ಇಝಾರ್ಡ್ 2009ರಲ್ಲಿ 51 ದಿನಗಳಲ್ಲಿ 43 ಮ್ಯಾರಥಾನ್ ಓಡಿದರು. ನಮ್ಮ ಮಿಲಿಂದ್ ಸೋಮನ್ 2012ರಲ್ಲಿ ಪರಿಸರದ ಹೆಸರಿನಲ್ಲಿ ದೆಹಲಿಯಿಂದ ಮುಂಬೈಗೆ 1,500 ಕಿ.ಮೀ. ಓಡಿದ್ದು 30 ದಿನಗಳಲ್ಲಿ. ಇವರ ವಿಷಯದಲ್ಲಿ ನಗುವುದಕ್ಕೆ ಏನೂ ಇಲ್ಲ. ನಗು ಶುರುವಾಗುವುದು ಇವರ ವಿಡಿಯೊ ನೋಡಿದವರಿಂದ.

ರಾಯಚೂರು ಜಿಲ್ಲೆಯ ಹಟ್ಟಿ ಕ್ಯಾಂಪಿನಲ್ಲಿ ಈ ಜಾತಿಯ ಒಂದು ಉತ್ತಮ ಮಾದರಿ ವಾಸವಾಗಿದೆ. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ಅದು ಹೊರಬೀಳುವುದು ಕತ್ತಲಿರುವಾಗಲೇ. ಆ ಹೊತ್ತಿಗೆ ರಾತ್ರಿಪಾಳಿ ಮುಗಿಸಿ ಚಿನ್ನದ ಗಣಿಯಿಂದ ಮೇಲೆ ಬಂದವರು ನಿಂತು ನೋಡುತ್ತಾರೆ. “ಬಸ್ ತಪ್ಪಿತೇನೋ ತಮ್ಮಾ? ಇನ್ನೊಂದು ಬರ್ತದ, ತಡಿ” ಎನ್ನುತ್ತಾರೆ. ಎಂಟು ತಾಸು ನೆಲದಡಿ ದುಡಿದವರಿಗೆ, ಕೂಲಿಯಿಲ್ಲದೆ ಬೆವರು ಸುರಿಸುವವನನ್ನು ಕಂಡರೆ ಕನಿಕರ ಹುಟ್ಟುವುದು ಸಹಜ.

ಉಳಿದ ಲಕ್ಷಣಗಳನ್ನು ಬೇಗ ಹೇಳಿಬಿಡಬಹುದು. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬೇಡವೆಂದು ಕಾರಣ ವಿವರಿಸುವುದು, ಕೇಳಿದವರಿಗೂ ಕೇಳದವರಿಗೂ ಉದುರಿದ ಉಗುರು ತೋರಿಸುವುದು, ಪ್ರತಿ ಮೈಲಿಗಲ್ಲಿನ ಪಕ್ಕ ಹೆಬ್ಬೆರಳೆತ್ತಿ ಫೋಟೊ ತೆಗೆಸಿಕೊಳ್ಳುವುದು. ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ಒಂದೇ: ಕಿಲೋಮೀಟರಿಗಿಷ್ಟು ಎಂಬ ದಾನದ ಕರಾರು.

ಸರಕಾರಿ ಶಾಲೆಗೆ ಕುಡಿಯುವ ನೀರಿನ ಫಿಲ್ಟರು ಕೊಡಿಸಲು ಈ ಮಾದರಿ ಒಮ್ಮೆ ಓಟ ಸಾರಿತು. ನೆರೆಮನೆಯವರು ಕಿಲೋಮೀಟರಿಗೆ ಹತ್ತು ರೂಪಾಯಿ ಒಪ್ಪಿದರು. ಅವರ ಲೆಕ್ಕ ಲಿಂಗಸುಗೂರಿನವರೆಗಿನದು: ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಇನ್ನೂರು ರೂಪಾಯಿ, ಜೊತೆಗೆ ಕೊಟ್ಟೆನೆಂಬ ಹೆಸರು. ಆದರೆ ಮಾದರಿ ಬೆಳಗಿನ ನಾಲ್ಕಕ್ಕೆ ಎದ್ದು ಮುಖ ತಿರುಗಿಸಿದ್ದು ರಾಯಚೂರಿನ ಕಡೆಗೆ, ಅಂದರೆ ಸುಮಾರು 80 ಕಿಲೋಮೀಟರಿನ ಕಡೆಗೆ. ಆಮೇಲೆ ಫೋನುಗಳು ಶುರುವಾದವು. “ಸರ್ರ, ಕವಿತಾಳ ದಾಟೀನ್ರಿ. ನಿಮ್ಮ ಆಶೀರ್ವಾದ.” ನೆರೆಯವರು ಆಶೀರ್ವದಿಸಿದರು; ಮನಸ್ಸಿನೊಳಗೆ ಮೀನಖಂಡ ಹಿಡಿದುಕೊಳ್ಳಲಿ ಎಂದು ಶ್ರೀಶೈಲದ ಮಲ್ಲಯ್ಯನಿಗೆ ಕಾಯಿ ಹರಕೆ ಹೊತ್ತರು. ಸಿರವಾರದಿಂದ ಇನ್ನೊಂದು ಫೋನು. ಕಲ್ಮಲಾ ಬರುವ ಹೊತ್ತಿಗೆ ಓಟ ಕುಂಟಾಗಿತ್ತು, ಆದರೆ ಕರಾರಿನಲ್ಲಿ ಕುಂಟಬಾರದೆಂದು ಇರಲಿಲ್ಲ.

ಜಗಳ ಬಂದದ್ದು ಲೆಕ್ಕ ಕೊಡುವಾಗ. ಮೈಲಿಗಲ್ಲಿನ ಪ್ರಕಾರ 80, ಮಾದರಿಯ ಕೈಗಡಿಯಾರದ ಪ್ರಕಾರ 84. ಚಹಾ ಅಂಗಡಿ ಹುಡುಕಿದ್ದು, ಕವಿತಾಳದ ನಾಯಿಗಳು ಅಟ್ಟಿಸಿಕೊಂಡು ಬಂದಾಗ ಹೊಲಕ್ಕೆ ನುಗ್ಗಿದ್ದು, ಎಲ್ಲವನ್ನೂ ಆ ಗಡಿಯಾರ ಎಣಿಸಿತ್ತು. ನಾಯಿಗೆ ಹೆದರಿ ಓಡಿದ ದೂರ ದಾನದ ಲೆಕ್ಕಕ್ಕೆ ಬರುತ್ತದೆಯೇ ಎಂಬ ಬಗ್ಗೆ ಧರ್ಮಶಾಸ್ತ್ರಗಳು ಸ್ಪಷ್ಟವಾಗಿಲ್ಲ. ನೆರೆಯವರು ಚೌಕಾಶಿಗೆ ಸಿದ್ಧರಾಗುತ್ತಿದ್ದಂತೆ ಮಾದರಿ ಸಂಕೋಚದಿಂದ ಹೇಳಿತು: “ಬರ್ವಾಗ ಬಸ್ಸಿಗೆ ಬಂದೀನ್ರಿ, ಅದನ್ನ ಹಿಡಿಬ್ಯಾಡ್ರಿ.” ಇದಾದ ಮೇಲೆ ಚೌಕಾಶಿ ಸಾಧ್ಯವಾಗಲಿಲ್ಲ. ಎಂಟುನೂರ ನಲವತ್ತು ರೂಪಾಯಿ ಎಣಿಸಿ ಕೊಟ್ಟದ್ದಾಯಿತು. ವಿವರಗಳು ಇಷ್ಟು ಖಚಿತವಾಗಿರುವುದೇಕೆ ಎಂಬುದನ್ನು ಓದುಗರು ಊಹಿಸಿಕೊಳ್ಳಬಹುದು.

ಟನ್ನುಗಟ್ಟಲೆ ಅದಿರು ಅರೆದು ಗ್ರಾಂ ಲೆಕ್ಕದಲ್ಲಿ ಚಿನ್ನ ತೆಗೆಯುವ ಊರಿನಲ್ಲಿ ಈ ಓಟದ ಉತ್ಪತ್ತಿಯೂ ಅದೇ ಪ್ರಮಾಣದ್ದು. ಬೂಟಿನ ಬೆಲೆಯನ್ನೇ ಶಾಲೆಗೆ ಕೊಟ್ಟಿದ್ದರೆ ಹೆಚ್ಚು ಉಳಿಯುತ್ತಿತ್ತೆಂದು ಲೆಕ್ಕ ಬಲ್ಲವರು ಹೇಳುತ್ತಾರೆ. ಹೇಳುವವರು ಮಾತ್ರ ಬೂಟನ್ನೂ ಕೊಂಡವರಲ್ಲ, ಶಾಲೆಗೂ ಕೊಟ್ಟವರಲ್ಲ.

ಈ ಸೀಮೆಗೆ ದೂರದ ದಾರಿ ಹೊಸದೇನಲ್ಲ. ಯುಗಾದಿಗೆ ಮುನ್ನ ಬಾಗಲಕೋಟೆ, ವಿಜಯಪುರದ ಕಡೆಯ ಭಕ್ತರು ಲಿಂಗಸುಗೂರು, ರಾಯಚೂರು ಹಾದು ಶ್ರೀಶೈಲಕ್ಕೆ ನಡೆಯುತ್ತಾರೆ. ಕಂಬಿ ಹೊತ್ತವರಿರುತ್ತಾರೆ, ಮರಗಾಲು ಕಟ್ಟಿಕೊಂಡವರೂ ಇರುತ್ತಾರೆ. ಅವರು ಯಾರನ್ನೂ ಕೇಳುವುದಿಲ್ಲ. ದಾರಿಯ ಊರಿನವರೇ ಪೆಂಡಾಲು ಹಾಕಿ, ರೊಟ್ಟಿ, ಮಜ್ಜಿಗೆ ಕೊಟ್ಟು, ಬೊಬ್ಬೆಯೆದ್ದ ಪಾದಕ್ಕೆ ಎಣ್ಣೆ ಹಚ್ಚುತ್ತಾರೆ. ಅಲ್ಲಿ ದಾನ ನಿಂತವರದು, ನಡೆದವರದು ಹರಕೆ. ದಾನದ ಓಟಗಾರ ಎರಡನ್ನೂ ತನ್ನೊಬ್ಬನ ಮೈಮೇಲೆ ಎಳೆದುಕೊಂಡು, ಮೇಲೆ ರಸೀದಿ ಪುಸ್ತಕವನ್ನೂ ಹೊತ್ತು ಹೊರಟಿದ್ದಾನೆ. ಭಾರವಾಗದೆ ಇರುತ್ತದೆಯೇ?

ಹೀಗೆ ಓಡುವುದಕ್ಕೆ ದಾನವಲ್ಲದೆ ಇನ್ನೊಂದು ಕಾರಣವೂ ಇರಬಹುದು. ಹಟ್ಟಿಯಲ್ಲಿ ದೂರವೆಂದರೆ ಕೆಳಮುಖ. ಶಾಫ್ಟಿನಲ್ಲಿ ಇಳಿದಷ್ಟು ಲೆವೆಲ್ಲು, ಪಾಳಿ ಮುಗಿದ ಮೇಲೆ ಅಷ್ಟೇ ಏರಿ ಹೊರಟಲ್ಲಿಗೇ ವಾಪಸು. ವರ್ಷಗಟ್ಟಲೆ ಹೀಗೆ ಇಳಿದು ಹತ್ತಿದವನಿಗೆ ಒಂದು ದಿನ ನೆಲದ ಮೇಲೆ, ಬೆಳಕಿನಲ್ಲಿ, ಅಡ್ಡಡ್ಡ ಹೋಗಿಬಿಡಬೇಕೆನಿಸಿದರೆ, ಹಾಗೆ ಸುಮ್ಮನೆ ಹೋಗಲು ಮನೆಯಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ಫಿಲ್ಟರಿನ ಹೆಸರಿನಲ್ಲಿ ಸಿಗುತ್ತದೆ.

ಫಿಲ್ಟರು ಬಂದಿದೆ, ಕೆಲಸವನ್ನೂ ಮಾಡುತ್ತಿದೆ. ಮುಂದಿನ ಓಟ ಗ್ರಂಥಾಲಯಕ್ಕಂತೆ, ಹೊಸಪೇಟೆಯವರೆಗಂತೆ. ಕೊಡುವ ಮನಸ್ಸುಳ್ಳವರು ಕಿಲೋಮೀಟರಿನ ಮಾತೆತ್ತದೆ ಒಟ್ಟು ಮೊತ್ತವನ್ನೇ ಹೇಳಿ, ಅದೂ ಓಟ ಶುರುವಾಗುವ ಮೊದಲೇ ಕೊಟ್ಟುಬಿಡುವುದು ಕ್ಷೇಮ.