ಐಪಿ ವಿಳಾಸದ ಚಲನಶೀಲ ಅಸ್ಮಿತೆ: ಒಂದು ತಾತ್ತ್ವಿಕ ಅಧ್ಯಯನ

ಮನೆಯ ಇಂಟರ್ನೆಟ್ಟಿನ ಐಪಿ ವಿಳಾಸ ಬದಲಾಯಿಸುವ ವಿದ್ಯೆಗೆ ಕನ್ನಡದಲ್ಲಿ ಇನ್ನೂ ಒಂದು ಸೈದ್ಧಾಂತಿಕ ಚೌಕಟ್ಟು ಒದಗಿಲ್ಲವೆಂಬುದು ವಿದ್ವತ್ ವಲಯಕ್ಕೆ ಭೂಷಣವಲ್ಲ. ರೂಟರ್ ಆಫ್ ಮಾಡಿ ಆನ್ ಮಾಡುವ ಜನಪದ ಆಚರಣೆಯನ್ನು ವಸಾಹತೋತ್ತರ ನೆಲೆಯಲ್ಲಿ ಯಾರೂ ಮುಖಾಮುಖಿಯಾಗಿಲ್ಲ. ಅಸ್ಮಿತೆ, ಅನನ್ಯತೆ ಮತ್ತು ಅಸ್ಥಿರತೆಗಳ ತ್ರಿಕೋನದಲ್ಲಿ, ನಿರಚನಾತ್ಮಕ-ಪುನಾರಚನಾತ್ಮಕ ವಿಧಾನವನ್ನು ಅನುಸರಿಸಿ, ಪ್ರಸ್ತುತ ಪ್ರಬಂಧವು ಆ ಕೊರತೆಯನ್ನು ನೀಗಿಸುತ್ತದೆ. ಅಧ್ಯಯನದ ಮಿತಿ: ಕರೆಂಟ್ ಇರಬೇಕು.

ಮೊದಲು ಚಾರಿತ್ರಿಕ ಹಿನ್ನೆಲೆ. 1981ರ ಸೆಪ್ಟೆಂಬರಿನಲ್ಲಿ ಹೊರಬಂದ ಆರ್‌ಎಫ್‌ಸಿ 791 ಎಂಬ ಆಕರಗ್ರಂಥವು ವಿಳಾಸವೊಂದಕ್ಕೆ 32 ಬಿಟ್ ಎಂದು ವಿಧಿಸಿತು. ಗುಣಿಸಿ ನೋಡಿದರೆ ಒಟ್ಟು 429 ಕೋಟಿ ಚಿಲ್ಲರೆ. ಆ ಕಾಲದ ಕೊಡುಗೈ ಎಂಥದೆಂದರೆ ಎಂಐಟಿ ಎಂಬ ಒಂದು ವಿದ್ಯಾಸಂಸ್ಥೆಗೆ, ಫೋರ್ಡ್ ಎಂಬ ಒಂದು ಕಾರು ಕಂಪನಿಗೆ ತಲಾ ಸುಮಾರು 1.68 ಕೋಟಿ ವಿಳಾಸ ಉಂಬಳಿಯಾಗಿ ಸಂದವು. 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಐದು ಕಟ್ಟುಗಳೂ ಹಂಚಿಹೋದವು. ಅದೇ ವರ್ಷದ ಏಪ್ರಿಲ್‌ನಲ್ಲಿ ನಮ್ಮ ಏಷ್ಯಾ-ಪೆಸಿಫಿಕ್ ವಲಯದ ದಾಸ್ತಾನೂ ತಳ ಕಂಡು ಪಡಿತರ ಶುರುವಾಯಿತು. ಮೈಸೂರಿನ ಮಧ್ಯಮವರ್ಗ ಮನೆಗೆ ಫೈಬರ್ ಎಳೆಸಿಕೊಳ್ಳುವ ಹೊತ್ತಿಗೆ ಉಗ್ರಾಣ ಖಾಲಿ.

ಪರಿವರ್ತನಾ ವಿಧಾನಗಳು ಸ್ಥೂಲವಾಗಿ ಏಳು. ಒಂದನೆಯದು ಸ್ವಿಚ್‌ನಿಷ್ಠ ಪಂಥ. ಯೂಸರ್‌ನೇಮು, ಪಾಸ್‌ವರ್ಡು ಕೊಟ್ಟು ಸೇರುವ ಪಿಪಿಪಿಒಇ ಸಂಪರ್ಕವಿರುವಲ್ಲಿ ರೂಟರ್ ಆರಿಸಿದರೆ ಅಧಿವೇಶನ ಮುರಿಯುತ್ತದೆ; ಮತ್ತೆ ಹಚ್ಚಿದಾಗ ಕಂಪನಿಯ ರಾಶಿಯಲ್ಲಿ ಖಾಲಿಯಿರುವ ಬೇರೊಂದು ಸಂಖ್ಯೆ ಸಿಗುವ ಸಂಭವವಿದೆ. ಎರಡನೆಯದು ಕಾಲನಿರೀಕ್ಷಾ ಪಂಥ. ವಿಳಾಸ ತಾನಾಗಿ ಹಂಚುವ ಡಿಎಚ್‌ಸಿಪಿ ಪದ್ಧತಿಯಲ್ಲಿ ವಿಳಾಸಕ್ಕೊಂದು ವಾಯಿದೆ ಇರುತ್ತದೆ. ವಾಯಿದೆ ಅರ್ಧ ಮುಗಿಯುತ್ತಿದ್ದಂತೆ ರೂಟರ್ ತಾನಾಗಿಯೇ ನವೀಕರಣಕ್ಕೆ ಅರ್ಜಿ ಹಾಕುತ್ತದೆ, ಹಳೆಯ ಸಂಖ್ಯೆಯೇ ಮುಂದುವರಿಯುತ್ತದೆ. ಹಾಗಾಗಿ ವಾಯಿದೆ ಪೂರ್ತಿ ತೀರಲೆಂದು ಈ ಪಂಥದವರು ಇಡೀ ರಾತ್ರಿ ರೂಟರ್ ಆರಿಸಿಟ್ಟು ಮಕ್ಕಳಿಂದ ಬೈಸಿಕೊಳ್ಳುತ್ತಾರೆ.

ಮೂರನೆಯದು ಸೂಜಿಮೊನೆ ಪಂಥ, ಅತ್ಯಂತ ಅಪಾಯಕಾರಿ. ರೂಟರಿನ ಬೆನ್ನಿಗೊಂದು ಕಿರುರಂಧ್ರ. ಸೇಫ್ಟಿ ಪಿನ್ನಿನ ತುದಿ ತೂರಿಸಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ದೀಪಗಳೆಲ್ಲ ಒಮ್ಮೆಲೇ ಆರಿ, ಒಂದೊಂದಾಗಿ ಹೊತ್ತುತ್ತವೆ. ಇಂಟರ್ನೆಟ್ ಎಂದು ಬರೆದಿರುವ ದೀಪವೊಂದು ಮಾತ್ರ ಹೊತ್ತುವುದಿಲ್ಲ. ವಿಳಾಸದ ಜೊತೆಗೆ ಯೂಸರ್‌ನೇಮು, ಪಾಸ್‌ವರ್ಡೂ ಅಳಿಸಿಹೋಗಿರುತ್ತವೆ. “ಸಾರ್, ರೀಸೆಟ್ ಯಾಕ್ ಒತ್ತುದ್ರಿ? ಇನ್ನು ನಾಳೇನೇ ಬರಕ್ಕಾಗೋದು” ಎನ್ನುತ್ತಾನೆ ಲೈನ್ ಹುಡುಗ. ಈ ಕ್ಷೇತ್ರದ ಏಕೈಕ ಪ್ರಾಮಾಣಿಕ ವಿಮರ್ಶಕ ಅವನೇ.

ನಾಲ್ಕರಿಂದ ಏಳು, ಮೊದಲ ಮೂರರದೇ ವೇಷಾಂತರ. ಪಿಎಚ್‌ಡಿಗೆ ಪುಟ ತುಂಬಿಸಲು ಬೇಕಾಗುತ್ತವೆ, ಇಲ್ಲಿ ಬಿಟ್ಟಿದೆ.

ಬಿಡಲು ಇನ್ನೊಂದು ಕಾರಣವುಂಟು: ಎಷ್ಟೋ ಮನೆಗಳಲ್ಲಿ ಮೇಲಿನ ಮೂರೂ ವ್ಯರ್ಥ. 2012ರ ಆರ್‌ಎಫ್‌ಸಿ 6598, 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಸೇವಾದಾರರ ಒಳಬಳಕೆಗೆಂದೇ ತೆಗೆದಿಟ್ಟಿತು. ಅನೇಕ ಮನೆಗಳಿಗೆ ಈ ಒಳಸಂಖ್ಯೆ ಕೊಟ್ಟು ಹೊರಗೆ ಒಂದೇ ವಿಳಾಸ ತೋರಿಸುವ ಈ ಏರ್ಪಾಡು ಒಂದು ವಠಾರ. ಒಳಗೆ ಎಷ್ಟು ಸಂಸಾರಗಳಿದ್ದರೂ ಬೀದಿಗೆ ಕಾಣುವ ಡೋರ್ ನಂಬರ್ ಒಂದೇ. ರೂಟರ್ ಆರಿಸಿ ಹಚ್ಚಿದವನು ಕೋಣೆ ಬದಲಾಯಿಸಿರುತ್ತಾನೆ, ಅಷ್ಟೇ. ಅದೇ ವಠಾರದ ಇನ್ಯಾರೋ ಸ್ಪ್ಯಾಮ್ ಕಳಿಸಿ ಕೆಟ್ಟ ಹೆಸರು ತಂದರೆ, ಟಿಕೆಟ್ ಕಾದಿರಿಸಲು ಕೂತ ನಿವೃತ್ತ ಮೇಷ್ಟ್ರು ತಾವು ಮನುಷ್ಯರೆಂದು ರುಜುವಾತು ಮಾಡಲು ಟ್ರಾಫಿಕ್ ಸಿಗ್ನಲ್ ಇರುವ ಚೌಕಗಳನ್ನು ಮತ್ತೆ ಮತ್ತೆ ಒತ್ತಬೇಕು. ಕಸ್ಟಮರ್ ಕೇರಿಗೆ ಫೋನ್ ಹಚ್ಚಿದರೆ ಅಲ್ಲಿಯೂ ಸ್ವಿಚ್‌ನಿಷ್ಠ ಪಂಥದ ಉಪದೇಶವೇ. ವಠಾರದ ವಿಷಯ ಯಾರೂ ಬಾಯಿಬಿಡುವುದಿಲ್ಲ. ಸಂಪರ್ಕ ಮಾರುವಾಗಲೂ ಬಿಟ್ಟಿರುವುದಿಲ್ಲ.

ಇನ್ನು ಅಸ್ಮಿತೆ. ಸಂಕಿರಣಗಳಲ್ಲಿ ಚಹಾ ವಿರಾಮದವರೆಗೆ ಎಳೆಯಲು ಹೇಳಿಮಾಡಿಸಿದ ವಸ್ತು. ಆದರೆ 2007ರಲ್ಲಿ ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಶಿವಾಜಿಯನ್ನು ಅವಮಾನಿಸಿದ ಚಿತ್ರ ಹಾಕಿದ್ದಾನೆಂದು ಪುಣೆಯ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬನನ್ನು ಬಂಧಿಸಿದರು. ಇದ್ದ ಸುಳಿವು ಒಂದು ಐಪಿ ವಿಳಾಸ. ಆ ಹೊತ್ತಿಗೆ ಆ ವಿಳಾಸ ಯಾರ ಬಳಿಯಿತ್ತೆಂದು ಸೇವಾದಾರ ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ಅದು ಬಯಲಾಗಿ ಹೊರಬರುವಷ್ಟರಲ್ಲಿ ಆತ 50 ದಿನ ಜೈಲಿನಲ್ಲಿ ಕಳೆದಿದ್ದ. ಚಲನಶೀಲ ಅಸ್ಮಿತೆಯಂತೆ! ವಿಳಾಸ ನಿನ್ನದಲ್ಲ, ಅದನ್ನು ಬದಲಿಸುವ ಹಕ್ಕು ನಿನಗಿಲ್ಲ, ಹಂಚಿಕೊಂಡವರ ಹೆಸರು ನಿನಗೆ ಗೊತ್ತಿಲ್ಲ. ಜೈಲಿಗೆ ಹೋಗುವಾಗ ಮಾತ್ರ ಅದು ನೀನೇ.

ಏಳು ಪಂಥಗಳಿಗೆ ಮರಳುವ ಉಮೇದು ಈ ಪ್ರಬಂಧಕ್ಕೆ ಉಳಿದಿಲ್ಲ. ವಿಳಾಸ ಬದಲಿಸಲೇಬೇಕಾದವರು ಬ್ರೌಸರಿನಲ್ಲಿ ರೂಟರಿನ ಪುಟ ತೆರೆದು ವ್ಯಾನ್ ಐಪಿ, ಅಂದರೆ ಕಂಪನಿ ರೂಟರಿಗೆ ಕೊಟ್ಟ ವಿಳಾಸ, ನೋಡಲಿ. 100.64ರಿಂದ 100.127ರ ನಡುವೆ ಇದ್ದರೆ ಸ್ವಿಚ್ಚಿನ ತಂಟೆಗೆ ಹೋಗದೆ ಪಬ್ಲಿಕ್ ಐಪಿ ಕೇಳಲಿ; ಸಾಮಾನ್ಯವಾಗಿ ಅದಕ್ಕೆ ಬೇರೆ ದುಡ್ಡು. 128 ಬಿಟ್ಟಿನ ಐಪಿವಿ6 ಬಂದು ಎಷ್ಟೋ ವರ್ಷವಾಯಿತು. ಅದರಲ್ಲಿ ಫೋನು ತನ್ನ ವಿಳಾಸವನ್ನು ಆಗಾಗ ತಾನೇ ಬದಲಿಸಿಕೊಳ್ಳುತ್ತದೆ, ಯಾರ ಮುಂದೆಯೂ ಅಂಗಲಾಚುವುದಿಲ್ಲ. ಹಳೆಯ ವಠಾರ ಮಾತ್ರ ಇನ್ನೂ ತುಂಬಿಯೇ ಇದೆ. ಯಾವ ಕ್ಷಣ, ಯಾವ ಪೋರ್ಟ್ ಸಂಖ್ಯೆಯಲ್ಲಿ, ಯಾವ ಮನೆ ಎಂಬ ದಾಖಲೆ ಸರಿಯಾಗಿದ್ದರಷ್ಟೇ ಅಲ್ಲಿ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಬಹುದು. ಆ ದಾಖಲೆ ಇರುವುದು ಕಂಪನಿಯ ಕೈಯಲ್ಲಿ. ತಿಂಗಳು ತಿಂಗಳು ಬಿಲ್ ಕಟ್ಟುವವನು ಅದನ್ನು ಕಣ್ಣಿಂದಲೂ ಕಂಡಿರುವುದಿಲ್ಲ.