ಓಟ ಮರುಚಾಲನೆ: ಬಳಕೆದಾರರ ಕೈಪಿಡಿ, ವರ್ತೂರು ಮಾದರಿ

ಪೆಟ್ಟಿಗೆಯಲ್ಲಿ ಏನೇನಿದೆ

ಶೂ, ಒಂದು ಜೊತೆ. ಚಪ್ಪಲಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ, ಗಣೇಶನ ಹಬ್ಬದಲ್ಲಿ ಉಳಿದ ಬಣ್ಣದ ಕಾಗದದ ಹಿಂದೆ ಸಿಗುತ್ತದೆ. ಕಾಲಿಡುವ ಮುನ್ನ ತಲೆಕೆಳಗು ಮಾಡಿ ಕೊಡವಿ. ಒಳಗೆ ಸಂಸಾರ ಹೂಡಿರುವ ಜಿರಳೆಗೆ ಮನೆ ಖಾಲಿ ಮಾಡಲು ಎರಡು ನಿಮಿಷ ಕೊಡಿ. ಹಳೇ ಓಟದ ಟೀ ಶರ್ಟು ಒಂದು, ಅದು ಇಷ್ಟರಲ್ಲೇ ಗಾಡಿ ಒರೆಸುವ ಬಟ್ಟೆಯಾಗಿಲ್ಲದಿದ್ದರೆ. ಓಟದ ಗಡಿಯಾರ ಒಂದು. ಅದರ ಚಾರ್ಜರ್ ಯಾರಲ್ಲಿದೆ ಎಂದು ಮನೆಯಲ್ಲಿ ಕೇಳಬೇಡಿ, ಬೆಳಿಗ್ಗೆ ಬೆಳಿಗ್ಗೆ ಜಗಳ ಬೇಡ.

ಸ್ಫೂರ್ತಿ ಪೆಟ್ಟಿಗೆಯಲ್ಲಿಲ್ಲ. ಪ್ಯಾಕ್ ಮಾಡುವಾಗ ಬಿಟ್ಟುಹೋದದ್ದೂ ಅಲ್ಲ, ಈ ಉಪಕರಣಕ್ಕೆ ಆ ಬಿಡಿಭಾಗವೇ ಇಲ್ಲ. ಮುಂಜಾನೆ ಸೂರ್ಯೋದಯದ ಚಿತ್ರದ ಮೇಲೆ ಅಕ್ಷರವಾಗಿ ಮೊಬೈಲಿಗೆ ಬಂದು ಬೀಳುವ ಸ್ಫೂರ್ತಿ ಬೇರೆ ಕಂಪನಿಯದು, ಇದಕ್ಕೆ ಕೂರುವುದಿಲ್ಲ.

ಮುಹೂರ್ತ

ಸೋಮವಾರದಿಂದ ಶುರು ಎನ್ನುವುದು ನಿಮ್ಮೊಬ್ಬರ ಕಾಯಿಲೆಯಲ್ಲ. ಹೆಂಗ್‌ಚೆನ್ ದಾಯ್, ಕೇಟಿ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಲೆಕ್ಕವೇ ಇದೆ: ವಾರದ ಮೊದಲು, ತಿಂಗಳ ಮೊದಲು, ವರ್ಷದ ಮೊದಲು ಜನ ಜಿಮ್ಮಿಗೆ ಹೆಚ್ಚು ಹೋಗುತ್ತಾರೆ. ನಮಗಂತೂ ಮೊದಲ ದಿನಗಳಿಗೆ ಬರವಿಲ್ಲ. ಜನವರಿ ಒಂದು ತಪ್ಪಿದರೆ ಸಂಕ್ರಾಂತಿ, ಅದು ತಪ್ಪಿದರೆ ಯುಗಾದಿ, ಅದೂ ತಪ್ಪಿದರೆ ಅಪ್ರೈಸಲ್ ಮುಗಿದ ಮರುದಿನ. ಯುಗಾದಿಗೆ ಶುರು ಮಾಡುವವರಿಗೆ ತಾಂತ್ರಿಕ ಸೂಚನೆ: ಎರಡನೇ ದಿನವೇ ಹೊಸತೊಡಕು. ಮಟನ್ ಅಂಗಡಿಯ ಸಾಲು ಕತ್ತಲಲ್ಲೇ ರಸ್ತೆಗೆ ಬಂದಿರುತ್ತದೆ. ಅವತ್ತು ಓಡಬೇಡಿ, ಸಾಲಿನಲ್ಲಿ ನಿಲ್ಲಿ.

ದುಡ್ಡು ಕಟ್ಟಿದರೆ ಮೈ ತಾನಾಗಿ ಏಳುತ್ತದೆ ಎಂಬ ನಂಬಿಕೆಯೂ ಉಂಟು. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವರ್ಲ್ಡ್ 10ಕೆ ಓಟಕ್ಕೆ ಹೆಸರು ನೋಂದಾಯಿಸಿದ ರಾತ್ರಿ ಬರುವ ಉತ್ಸಾಹವೇ ಉತ್ಸಾಹ. ಅದು ಬಂದ ರಾತ್ರಿಯೇ ಕರಗುತ್ತದೆ, ಶುಲ್ಕ ವಾಪಸು ಬರುವುದಿಲ್ಲ.

ಸ್ಥಾಪನೆ

ಕೈಪಿಡಿಯ ಮುಖ್ಯ ಭಾಗ ಇದೇ. ಉಳಿದದ್ದು ಓದದಿದ್ದರೂ ಇದನ್ನು ಓದಿ.

ಬೇರೆ ಊರಿನ ಪುಸ್ತಕಗಳು ಮನಸ್ಸನ್ನು ರಿಪೇರಿ ಮಾಡಲು ಹೊರಡುತ್ತವೆ. ವರ್ತೂರಿನಲ್ಲಿ ಮನಸ್ಸು ಸರಿಯಾಗೇ ಇದೆ, ರಸ್ತೆ ಇಲ್ಲ. ವರ್ತೂರು ಕೋಡಿಯಲ್ಲಿ ಸಂಜೆ ಏಳಕ್ಕೆ ಓಡಲು ಹೊರಟವನಿಗೆ ಬೇಕಾದದ್ದು ಸ್ಫೂರ್ತಿಯಲ್ಲ, ಹೆಲ್ಮೆಟ್ಟು. ನೇರಳೆ ಮೆಟ್ರೋ 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಓಡತೊಡಗಿತು, ವರ್ತೂರಿನ ಕಡೆ ತಿರುಗಲಿಲ್ಲ. ಆದ್ದರಿಂದ ಗುಂಜೂರು, ಬಳಗೆರೆ, ಪಣತ್ತೂರು, ಸಿದ್ದಾಪುರದವರೆಲ್ಲ ಇದೇ ಡಾಂಬರಿನ ಮೇಲೆ ಕ್ಯಾಬು, ಬೈಕು, ಟ್ಯಾಂಕರುಗಳ ಜೊತೆ ಇಂಚಿಂಚು ಸರಿಯುತ್ತಾರೆ. ವೈಟ್‌ಫೀಲ್ಡಿನಲ್ಲಿ ಮಧ್ಯರಾತ್ರಿ ಮ್ಯಾರಥಾನ್ ನಡೆಸುತ್ತಿದ್ದರಲ್ಲ, ಈ ಭಾಗದ ರಸ್ತೆಯ ಮರ್ಮ ಸರಿಯಾಗಿ ಅರಿತವರು ಆ ಆಯೋಜಕರೇ ಇರಬೇಕು.

ಹಾಗಾಗಿ ಹುಡುಕಬೇಕಾದದ್ದು ಖಾಲಿ ರಸ್ತೆಯನ್ನು. ಅದು ದಿನಕ್ಕೊಮ್ಮೆ, ಬೆಳಿಗ್ಗೆ ಐದೂಕಾಲರಿಂದ ಆರೂಕಾಲರವರೆಗೆ, ಉಚಿತವಾಗಿ ಸಿಗುತ್ತದೆ. ಆರೂವರೆಗೆ ಮೊದಲ ಶಾಲಾ ವ್ಯಾನು. ಏಳಕ್ಕೆ ನೀರಿನ ಟ್ಯಾಂಕರು, ಹಿಂದೆ ನೀರು ಸೋರಿಸಿಕೊಂಡು, ಮುಂದೆ ಹಾರ್ನ್ ಬಾರಿಸಿಕೊಂಡು. ಎಂಟರ ಮೇಲೆ ರಸ್ತೆ ಕಣ್ಣಿಗೇ ಬೀಳುವುದಿಲ್ಲ.

ಆ ಒಂದು ಗಂಟೆಯಲ್ಲಿ ಯಾರ್‍ಯಾರು ಇರುತ್ತಾರೆ ನೋಡಿಕೊಳ್ಳಿ. ಹಾಲಿನ ಬೂತಿನ ಮುಂದೆ ನೀಲಿ ಕ್ರೇಟುಗಳನ್ನು ಇಳಿಸುತ್ತಿರುವ ಹುಡುಗ. ಪೊರಕೆ ಹಿಡಿದ ಪೌರಕಾರ್ಮಿಕ ಹೆಂಗಸರು, ಹಸಿರು ಕೋಟಿನ ಮೇಲೆ ಸ್ವೆಟರು. ಲಗೇಜ್ ಆಟೋದಿಂದ ದಂಟು, ಮೆಂತ್ಯ, ಸಬ್ಬಸಿಗೆ ಕಂತೆಗಳನ್ನು ಇಳಿಸಿಕೊಂಡು, ಗೋಣಿಚೀಲದ ಮೇಲೆ ಬೇರು ಒಳಕ್ಕೆ, ಎಲೆ ಹೊರಕ್ಕೆ ಬರುವಂತೆ ಜೋಡಿಸಿ, ಮೇಲೆ ಕೈಯಿಂದ ನೀರು ಚಿಮುಕಿಸುವ ಅಜ್ಜಿ. ಇವರಲ್ಲಿ ಒಬ್ಬರೂ ಸ್ಫೂರ್ತಿ ಬರಲಿ ಎಂದು ಕಾದು ಎದ್ದವರಲ್ಲ. ಮೊದಲ ದಿನ ಅಜ್ಜಿ ಕೇಳಿಯೇ ಕೇಳುತ್ತಾರೆ: "ಯಾಕಪ್ಪಾ ಹಿಂಗ್ ಓಡ್ತೀಯ, ನಾಯಿ ಅಟ್ಟಿಸ್ಕೊಂಡ್ ಬಂತಾ?" ಇಲ್ಲ ಅಜ್ಜಿ, ಆರೋಗ್ಯಕ್ಕೆ ಎನ್ನಿ. "ಆರೋಗ್ಯಕ್ಕೆ ಸೊಪ್ಪು ತಿನ್ನು, ಇಪ್ಪತ್ತಕ್ಕೆ ಎರಡು ಕಟ್ಟು ತಗೋ." ತೆಗೆದುಕೊಳ್ಳಿ. ನಾಳೆಯಿಂದ ನೀವು ಬಾರದಿದ್ದರೆ ವಿಚಾರಿಸಲು ಒಬ್ಬರಾದರು. ಯಾವ ಆ್ಯಪಿನ ಜ್ಞಾಪನೆಗೂ ಈ ಬಲವಿಲ್ಲ.

ರಾತ್ರಿಯೇ ಮಾಡಿಡಬೇಕಾದ್ದು: ಶೂ ಬಾಗಿಲ ಬಳಿ, ಬಟ್ಟೆ ಬಚ್ಚಲಮನೆಯಲ್ಲಿ, ಅಲಾರಂ ಕೈಗೆಟುಕದ ಕಡೆ. ಒಂಬತ್ತೂವರೆಗೆ ಅಮೆರಿಕದವರ ಜೊತೆ ಕಾಲ್ ಇದ್ದರೆ ಮರುದಿನದ ಓಟ ರದ್ದು ಎಂದು ಆಗಲೇ ಒಪ್ಪಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಹಾಸಿಗೆಯಲ್ಲಿ ವಿಚಾರಣೆ ನಡೆಸಿದರೆ ತೀರ್ಪು ಯಾವಾಗಲೂ ದಿಂಬಿನ ಪರ.

ಮೊದಲ ಚಾಲನೆ

ಐದು ನಿಮಿಷ ಬಿರುಸಿನ ನಡಿಗೆ. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೇ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ ಸಾಕು. ಜಾಶ್ ಕ್ಲಾರ್ಕ್ ಎಂಬಾತ 1996ರಲ್ಲಿ ರೂಪಿಸಿದ ಒಂಬತ್ತು ವಾರದ ಯೋಜನೆಯ ಮೊದಲ ವಾರ ಇದು. ಹೊಸಬರಿಗೆ ಮಾಡಿದ್ದು, ನಾನು ಹಾಫ್ ಮ್ಯಾರಥಾನ್ ಓಡಿದವನು ಎಂದು ಮೂಗು ಮುರಿಯಬೇಡಿ. ಆ ಹಾಫ್ ಮ್ಯಾರಥಾನ್ ಓಡಿದ ಆಸಾಮಿ ಬೇರೆ, ಮನೆ ಬಿಟ್ಟುಹೋಗಿದ್ದಾನೆ.

ಹೋಗುವಾಗ ಏನೇನು ಒಯ್ದ ಎಂಬುದಕ್ಕೆ 1984ರ ಒಂದು ಪ್ರಯೋಗದಲ್ಲಿ ಪಟ್ಟಿ ಇದೆ. ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಕ್ರೀಡಾಪಟುಗಳ ಅಭ್ಯಾಸ ನಿಲ್ಲಿಸಿ ಅಳೆದರು. ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ 21 ದಿನಕ್ಕೆ ಶೇ. 7, 84 ದಿನಕ್ಕೆ ಶೇ. 16 ಇಳಿದಿತ್ತು. ಹೃದಯ ಒಂದೊಂದು ಬಡಿತಕ್ಕೆ ಚಿಮ್ಮಿಸುವ ರಕ್ತ ಮೊದಲ ಹನ್ನೆರಡು ದಿನದಲ್ಲೇ ಕಡಿಮೆಯಾಗಿತ್ತು. ಪಟುಗಳ ಪಾಡೇ ಇದು. ಬಳಗೆರೆ ರಸ್ತೆಯ ಮೊದಲ ತಿರುವಿನಲ್ಲೇ ನಿಮಗೆ ಏದುಸಿರು ಬಂದರೆ ಅದು ಸೋಮಾರಿತನವಲ್ಲ, ಕೊಳಾಯಿಯಲ್ಲಿ ನೀರಿನ ಒತ್ತಡ ಕಡಿಮೆ, ಅಷ್ಟೇ. ಅದು ಬೇಗ ವಾಪಸು ಬರುತ್ತದೆ. ಬೇಗ ಬರುವುದೇ ಫಜೀತಿ: ಎದೆ ಮೂರು ನಾಲ್ಕು ವಾರದಲ್ಲಿ ಸಿದ್ಧ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಹೋಗು ಎನ್ನುತ್ತದೆ, ಹಿಮ್ಮಡಿ ಬೇಡ ಎನ್ನುತ್ತದೆ. ಹಿಮ್ಮಡಿಯ ಮಾತು ಕೇಳಿ.

ಫೋನಿನಲ್ಲಿ ಹಳೇ ಓಟಗಳ ದಾಖಲೆ ಇರುವ ಆ್ಯಪನ್ನು ತೆಗೆದುಹಾಕಿ. ಈ ಕೈಪಿಡಿಯಲ್ಲಿ ನಾನು ಪಟ್ಟು ಹಿಡಿದು ಹೇಳುವ ಮಾತು ಇದೊಂದೇ. ಪ್ರತಿ ಕಿಲೋಮೀಟರಿಗೂ ಹಳೇ ವೇಗ ತೋರಿಸಿ ಹಂಗಿಸುವ ಯಂತ್ರವನ್ನು ತೋಳಿಗೆ ಕಟ್ಟಿಕೊಂಡು ಯಾರು ತಾನೇ ಎರಡನೇ ದಿನ ಹೊರಡುತ್ತಾರೆ?

ದೋಷ ಮತ್ತು ಪರಿಹಾರ

ನಾಯಿ ಬೊಗಳಿದರೆ: ನಿಲ್ಲಿ, ನಡೆಯಿರಿ. ಓಡುವವರನ್ನು ಅಟ್ಟುವುದು ಅದರ ಉದ್ಯೋಗ.

ಮೊಣಕಾಲ ಕೆಳಗಿನ ಮೂಳೆಯ ಅಂಚು ನೋಯುತ್ತಿದ್ದರೆ: ಎರಡು ಮೂರು ದಿನ ಬಿಡಿ. ಬಿಟ್ಟ ಮೇಲೂ ನೋವಿದ್ದರೆ ಡಾಕ್ಟರು. ಎದೆ ಹಿಡಿದಂತಾದರೆ ದಿನ ಎಣಿಸದೆ ಆಗಲೇ ಡಾಕ್ಟರು, ಇದರಲ್ಲಿ ತಮಾಷೆಯಿಲ್ಲ.

ಕೆರೆ ಕಡೆಯಿಂದ ವಾಸನೆ ಬಂದರೆ: ಮಾರ್ಗ ಬದಲಿಸಿ. 2015ರ ಹೊತ್ತಿಗೆ ವರ್ತೂರು ಕೆರೆಯ ನೊರೆ ಊರಿಗಿಂತ ಹೆಚ್ಚು ಪ್ರಸಿದ್ಧವಾಗಿತ್ತು. ಮೇಲಿನ ಬೆಳ್ಳಂದೂರು ಕೆರೆಯಿಂದ ಇಳಿದು ಬರುವ ಕೊಳಚೆ, ಅದರಲ್ಲಿನ ಸೋಪಿನ ಪುಡಿ, ಕೋಡಿಯಲ್ಲಿ ಧುಮುಕುವಾಗ ಕಡೆದು ಬೆಳ್ಳಗೆ ಉಬ್ಬಿ ಗಾಳಿಗೆ ರಸ್ತೆಗೆ ಹಾರುತ್ತಿತ್ತು, ಬೈಕಿನವರ ಮೈಮೇಲೂ ಕೂರುತ್ತಿತ್ತು. ತಡೆಯಲು ಜಾಲರಿ ಕಟ್ಟಿದರು. ಬೆಳ್ಳಂದೂರಿನದಕ್ಕೆ ಬೆಂಕಿಯೇ ಹತ್ತುತ್ತಿತ್ತು. ಹಸಿರು ನ್ಯಾಯಮಂಡಳಿ ಗದರಿಸಿದ ಮೇಲೆ ಬಿಡಿಎ ಹೂಳೆತ್ತಲು ಇಳಿಯಿತು. ಬೆಂಗಳೂರಿನ ದೊಡ್ಡ ಕೆರೆಗಳಲ್ಲಿ ಎರಡನೆಯದು ವರ್ತೂರಿನದು. ಸುತ್ತ ಒಂದು ಒಳ್ಳೆಯ ದಾರಿ ಸಿಕ್ಕರೆ ಈ ಕೈಪಿಡಿಯ ಅರ್ಧ ಪುಟಗಳೇ ಬೇಕಿಲ್ಲ.

ಒಂದು ದಿನ ತಪ್ಪಿದರೆ: ಏನೂ ಆಗಿಲ್ಲ. 21 ದಿನಕ್ಕೆ ಅಭ್ಯಾಸ ಕೂರುತ್ತದೆ ಎನ್ನುವುದು ಕಟ್ಟುಕತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ತಂಡ 96 ಜನರನ್ನು ಗಮನಿಸಿದಾಗ ಸರಾಸರಿ 66 ದಿನ ಬೇಕಾಯಿತು. ಒಬ್ಬೊಬ್ಬರಿಗೆ 18, ಒಬ್ಬೊಬ್ಬರ ಲೆಕ್ಕ 254ಕ್ಕೆ ಹೋಯಿತು. ನಡುವೆ ಒಂದು ದಿನ ಬಿಟ್ಟದ್ದರಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ. ಎರಡು ವಾರ ಬಿಟ್ಟರೆ ಸೊಪ್ಪಿನ ಅಜ್ಜಿಗೆ ಉತ್ತರ ಹೇಳಬೇಕಾದವರು ನೀವು.

ವಾರಂಟಿ

ಈ ಕೆಳಗಿನ ಸಂದರ್ಭಗಳಲ್ಲಿ ವಾರಂಟಿ ಅನ್ವಯಿಸುವುದಿಲ್ಲ: ಎರಡನೇ ವಾರಕ್ಕೇ ಹತ್ತು ಸಾವಿರದ ಶೂ ಕೊಂಡರೆ, ಮೂರನೇ ವಾರಕ್ಕೆ ಆಫೀಸಿನ ಲಿಫ್ಟಿನಲ್ಲಿ ಸಿಕ್ಕವರಿಗೆ ಹಿಮ್ಮಡಿ ಮೊದಲೋ ಬೆರಳು ಮೊದಲೋ ಎಂದು ಪಾಠ ಹೇಳಿದರೆ, ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ದಿನಾ ಬೆವರಿದ ಮುಖದ ಫೋಟೋ ಹಾಕಿದರೆ, ಅಥವಾ ಎದುರು ಫ್ಲ್ಯಾಟಿನವರು ಒಂದು ಸಲ ಬಾಯಿತಪ್ಪಿ "ನಾವೂ ಬರಬೇಕು ಸಾರ್" ಎಂದಿದ್ದನ್ನು ನಿಜವೆಂದು ನಂಬಿ, ಭಾನುವಾರ ಐದಕ್ಕೆ ಅವರ ಮನೆ ಬೆಲ್ ಒತ್ತಿದರೆ.